ಆಟಕ್ಕುಂಟು, ಲೆಕ್ಕಕ್ಕಿಲ್ಲ

ಈ ವಾರವೂ ನಮ್ಮ ಮನೆ ಕಸ ಹೋಗಲಿಲ್ಲ. ಸತತ ಎರಡನೇ ಮಂಗಳವಾರ. ಹಸಿ ಕಸದ ಡಬ್ಬದಲ್ಲಿ ಒಂದು ಇಡೀ ಹಲಸಿನ ಹಣ್ಣಿನ ಸಿಪ್ಪೆ ಹದಿನೈದು ದಿನದಿಂದ ಠಿಕಾಣಿ ಹೂಡಿದೆ. ರಾತ್ರಿಯಾದರೆ ರಕೂನ್‌ಗಳು ಸಂಸಾರ ಸಮೇತ ಬಂದು ಮುಚ್ಚಳದ ಮೇಲೆ ಕೂತು ಸಭೆ ನಡೆಸುತ್ತವೆ. ಗ್ಯಾರೇಜಿನ ಬಾಗಿಲು ತೆಗೆದರೆ ಸಾಕು, ತೂಬಗೆರೆಯ ಹಲಸಿನ ಕಾಲ ನೆನಪಾಗುತ್ತದೆ. ಒಳ್ಳೆಯ ರೀತಿಯಲ್ಲಲ್ಲ.

ಇಷ್ಟಕ್ಕೆಲ್ಲ ಕಾರಣ, ಇಲ್ಲಿಂದ ಸಾವಿರ ಮೈಲಿಗೂ ಜಾಸ್ತಿ ದೂರದ ಅರಿಜೋನಾದಲ್ಲಿ ಯಾರೋ ಒಬ್ಬ ಹುಡುಗ ಚೆಂಡು ಹಿಡಿಯುವ ರೀತಿ ಬದಲಾಯಿಸಿಕೊಂಡಿರುವುದು. ಹೋದ ವಾರದ ತಪ್ಪು ನನ್ನದು, ಒಪ್ಪುತ್ತೇನೆ. ಈ ವಾರದ್ದು ನನ್ನದಲ್ಲ.

ನಾವಿರುವುದು ಅಮೆರಿಕದ ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ. ಮಂಗಳವಾರ ಬೆಳಿಗ್ಗೆ ಏಳರ ಆಸುಪಾಸು ಕಸದ ಲಾರಿ ಬರುತ್ತದೆ. ಒಣ ಕಸ, ಹಸಿ ಕಸ, ಮರುಬಳಕೆಯದು ಅಂತ ಮೂರು ಡಬ್ಬ. ಲಾರಿಯ ಕಬ್ಬಿಣದ ಕೈ ಅವನ್ನು ಒಂದೊಂದಾಗಿ ಎತ್ತುವುದರಿಂದ, ಒಂದಕ್ಕೊಂದು ಮೂರಡಿ ಬಿಟ್ಟು ರಸ್ತೆ ಅಂಚಿಗೆ ನಿಲ್ಲಿಸಬೇಕು. ಎರಡು ನಿಮಿಷದ ಕೆಲಸ. ಫೆಬ್ರವರಿ, ಮಾರ್ಚ್‌ನಲ್ಲಿ ಮಾತ್ರ ನಲವತ್ತು ನಿಮಿಷ ಹಿಡಿಯುತ್ತದೆ. ಯಾಕೆಂದರೆ ಅದೇ ಹೊತ್ತಿಗೆ ಪಕ್ಕದ್ಮನೆ ತಾತನೂ ತಮ್ಮ ಡಬ್ಬ ತಳ್ಳಿಕೊಂಡು ಬರುತ್ತಾರೆ.

"ನೋಡಪ್ಪಾ, ಈ ವರ್ಷ..." ಅಂತ ಶುರು. ಹೇಳುವುದು ಇಂಗ್ಲಿಷಿನಲ್ಲೇ. ನನ್ನ ಕಿವಿಗೆ ಮಾತ್ರ "ನೋಡಪ್ಪಾ" ಅಂತಲೇ ಕೇಳಿಸುತ್ತದೆ.

ತಾತನಿಗೆ 72. ಸಿಯಾಟಲ್ ಮ್ಯಾರಿನರ್ಸ್ ಅನ್ನುವ ಬೇಸ್‌ಬಾಲ್ ತಂಡಕ್ಕೆ ಇವರು ಹುಟ್ಟಿದ ದಿನದಿಂದ ಭಕ್ತರು. ಅಂದರೆ ತಂಡ ಹುಟ್ಟಿದ ದಿನದಿಂದ. 1977ರ ಏಪ್ರಿಲ್ 6ರಂದು ತಂಡದ ಮೊಟ್ಟಮೊದಲ ಪಂದ್ಯಕ್ಕೆ ಹೋಗಿ ಕೂತಿದ್ದರಂತೆ. 7-0 ಸೋಲು. ಮೊದಲ ತುತ್ತಿಗೇ ಕಲ್ಲು. ಅಲ್ಲಿಗೆ ಎದ್ದು ಬಂದಿದ್ದರೆ ನಮ್ಮ ಮನೆ ಕಸ ಇವತ್ತು ಸರಿಯಾಗಿ ಹೋಗುತ್ತಿತ್ತು. ಇವರು ಇನ್ನೂ ಎದ್ದಿಲ್ಲ. ಅಲ್ಲಿನ ದೊಡ್ಡ ಲೀಗ್‌ನಲ್ಲಿ 30 ತಂಡಗಳಿವೆ. ವರ್ಲ್ಡ್ ಸೀರೀಸ್, ಅಂದರೆ ಫೈನಲ್ಲು, ಅದನ್ನು ಗೆಲ್ಲುವುದಿರಲಿ, ಇವತ್ತಿನವರೆಗೆ ಅಲ್ಲಿಗೆ ಕಾಲಿಡದೇ ಇರುವ ತಂಡ ಇದೊಂದೇ. 2001ರಲ್ಲಿ 162 ಪಂದ್ಯದಲ್ಲಿ 116 ಗೆದ್ದು, ಆಮೇಲೆ ನ್ಯೂಯಾರ್ಕ್‌ನವರ ಕೈಯಲ್ಲಿ ಸೋತು ಮನೆಗೆ ಬಂದವರು. ಅದಾದ ಮೇಲೆ 21 ವರ್ಷ ಪ್ಲೇಆಫ್‌ನ ಮುಖವನ್ನೇ ನೋಡಲಿಲ್ಲ.

ಇಂಥವರಿಗೆ ಫೆಬ್ರವರಿ ಅಂದರೆ ಯುಗಾದಿ. ಆಗ ಸ್ಪ್ರಿಂಗ್ ಟ್ರೇನಿಂಗ್, ಅಂದರೆ ಸೀಸನ್ನಿಗೆ ಮುಂಚಿನ ತಯಾರಿ, ಶುರುವಾಗುತ್ತದೆ. ಚಳಿಯ ಊರುಗಳ ತಂಡಗಳೆಲ್ಲ ಬಿಸಿಲು ಹುಡುಕಿಕೊಂಡು ಹೊರಡುತ್ತವೆ. ಹದಿನೈದು ಅರಿಜೋನಾಕ್ಕೆ, ಹದಿನೈದು ಫ್ಲೋರಿಡಾಕ್ಕೆ. ನಮ್ಮವರು ಹೋಗುವುದು ಫೀನಿಕ್ಸ್ ಹತ್ತಿರದ ಪಿಯೋರಿಯಾ ಅನ್ನುವ ಊರಿಗೆ. ಇಲ್ಲಿ ನಾವು ಜಿಟಿಜಿಟಿ ಮಳೆಯಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಕಸ ತಳ್ಳುತ್ತಿರುತ್ತೇವೆ.

ಅಲ್ಲಿ ಒಂದು ತಿಂಗಳು ಪಂದ್ಯ ನಡೆಯುತ್ತದೆ. ಅಂಪೈರ್ ಇರುತ್ತಾರೆ, ಟಿಕೆಟ್ ಇರುತ್ತದೆ, ಸ್ಕೋರ್ ಬೋರ್ಡ್ ಇರುತ್ತದೆ. ಆದರೆ ಯಾವುದೂ ಗಣನೆಗೆ ಬರುವುದಿಲ್ಲ. ದೊಡ್ಡ ಆಟಗಾರರು ಮೂರು ಇನಿಂಗ್ಸ್ ಆಡಿ, ಸ್ನಾನ ಮಾಡಿ ಹೊರಟುಬಿಡುತ್ತಾರೆ. ಉಳಿದದ್ದನ್ನು 90ರ ಮೇಲಿನ ನಂಬರಿನ ಅಂಗಿ ತೊಟ್ಟ, ಅವರಮ್ಮನಿಗೆ ಮಾತ್ರ ಗುರುತು ಸಿಗುವ ಹುಡುಗರು ಮುಗಿಸುತ್ತಾರೆ. ಸ್ಕೋರ್ ಸಮವಾಯಿತೋ, ಸರಿ, ಮನೆಗೆ ನಡೀರಿ. ನಾವು ಚಿಕ್ಕವರಿದ್ದಾಗ ಪಕ್ಕದ ಮನೆಯ ಪುಟ್ಟ ತಮ್ಮನನ್ನು ಕುಂಟೆಬಿಲ್ಲೆಗೆ ಸೇರಿಸಿಕೊಳ್ಳುತ್ತಿದ್ದೆವಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ, ಹಾಗೆ. ಇಲ್ಲಿ ಮೂವತ್ತೂ ತಂಡದವರು ಪುಟ್ಟ ತಮ್ಮಂದಿರು.

ತಾತನ ಗಣಿತವೇ ಬೇರೆ. ತಂಡ ಸೋತರೆ, "ಅಯ್ಯೋ ಬಿಡು, ಇದು ಸ್ಪ್ರಿಂಗ್, ಲೆಕ್ಕಕ್ಕಿಲ್ಲ." ಗೆದ್ದರೆ, "ನೋಡಿದ್ಯಾ? ಬರೆದಿಟ್ಕೋ."

ಅವರ ಇನ್ನೊಂದು ಚಾಳಿ, ಆಟಗಾರರ ಮೈಕಟ್ಟಿನ ವರದಿ. ಒಬ್ಬೊಬ್ಬನ ಹೆಸರು ಹೇಳಿ, "ಜೀವಮಾನದಲ್ಲೇ ಇಷ್ಟು ಫಿಟ್ ಆಗಿರಲಿಲ್ಲವಂತೆ" ಅನ್ನುತ್ತಾರೆ. ಇದು ತಾತನ ಸ್ವಂತ ಮಾತೂ ಅಲ್ಲ. ಅಮೆರಿಕದಲ್ಲಿ ಫೆಬ್ರವರಿ ಬಂದರೆ ಪ್ರತಿ ಪೇಪರೂ ಪ್ರತಿ ಆಟಗಾರನ ಬಗ್ಗೆ ಇದನ್ನೇ ಬರೆಯುತ್ತದೆ. ನಾನು ಮೂರು ವರ್ಷದಿಂದ ಕೇಳುತ್ತಿದ್ದೇನೆ. ಅದೇ ಆಟಗಾರ, ಅದೇ ಜೀವಮಾನ. ಹಾಗಾದರೆ ಹೋದ ವರ್ಷ ಹೇಳಿದ್ದು ಏನು? ಒಮ್ಮೆ ಕೇಳಿಯೂ ಬಿಟ್ಟೆ. ತಾತ ಒಂದು ಗಳಿಗೆ ಯೋಚಿಸಿ, "ಹೋದ ವರ್ಷ ಅವನಿಗೆ ಹಾಗನ್ನಿಸಿತ್ತು, ಅಷ್ಟೇ. ಈ ವರ್ಷ ನಿಜ" ಅಂದರು. ಮನೆಗೆ ಬಂದು ಇದನ್ನು ಹೇಳಿಕೊಂಡು ನಕ್ಕರೆ ನನ್ನವಳು ನಗಲಿಲ್ಲ. "ಜನವರಿ ಒಂದನೇ ತಾರೀಕು ನೀವೂ ಅದನ್ನೇ ಹೇಳಿ ಜಿಮ್‌ಗೆ ದುಡ್ಡು ಕಟ್ಟಿದ್ರಿ" ಅಂದಳು.

ಡಂಪರ್ ವಿಷಯವನ್ನೂ ಹೇಳಬೇಕು. ಮೊದಲ ವರ್ಷ ಒಂದು ಬೆಳಿಗ್ಗೆ ತಾತ ಬೇಲಿಯಾಚೆಯಿಂದ "ಡಂಪರ್ ಬಂದ, ಡಂಪರ್ ಬಂದ!" ಅಂತ ಕೂಗಿದರು. ನಾನು ಚಪ್ಪಲಿಯೂ ಇಲ್ಲದೆ ಮೂರು ಡಬ್ಬ ಎಳೆದುಕೊಂಡು ಓಡಿದೆ. ರಸ್ತೆ ಖಾಲಿ. ಅವತ್ತು ಗುರುವಾರ. ಬಿಗ್ ಡಂಪರ್ ಅನ್ನುವುದು ತಂಡದ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಕ್ಯಾಲ್ ರಾಲಿಯ ಅಡ್ಡಹೆಸರು, ಅದೂ ಅವನ ಹಿಂಭಾಗದ ಗಾತ್ರ ನೋಡಿ ಇಟ್ಟದ್ದು. ಅವನು ಪಿಯೋರಿಯಾಕ್ಕೆ ಬಂದಿಳಿದಿದ್ದ, ಅಷ್ಟೇ. ನಿಜ ಹೇಳಬೇಕೆಂದರೆ ಆತ ಸಾಮಾನ್ಯನಲ್ಲ. 2025ರಲ್ಲಿ 60 ಹೋಮ್ ರನ್, ಅಂದರೆ ನಮ್ಮ ಸಿಕ್ಸರಿನಂಥದ್ದು, ಹೊಡೆದ. ಅಷ್ಟು ಹೊಡೆದ ಕ್ಯಾಚರ್ ಹಿಂದೆ ಯಾರೂ ಇಲ್ಲ.

ತಾತ ನನ್ನನ್ನೇ ಇಷ್ಟು ಗಟ್ಟಿಯಾಗಿ ಯಾಕೆ ಹಿಡಿದುಕೊಂಡರು ಅಂದರೆ, ಅದಕ್ಕೂ ನಾನೇ ಕಾರಣ. 2025ರ ಜೂನ್ 3. ಅದೂ ಮಂಗಳವಾರವೇ. ಐಪಿಎಲ್ ಫೈನಲ್ ಇಲ್ಲಿ ಬೆಳಿಗ್ಗೆ ಏಳಕ್ಕೆ ಶುರು. ನಾನು ಹುಷಾರಿಲ್ಲ ಅಂತ ಆಫೀಸಿಗೆ ಮೆಸೇಜ್ ಹಾಕಿ ಟಿವಿ ಮುಂದೆ ಕೂತಿದ್ದೆ. ನನ್ನವಳು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. 2016ರ ಫೈನಲ್ ದಿನ ಅವಳು ಚಿನ್ನಸ್ವಾಮಿಯಲ್ಲೇ ಇದ್ದಳು. ಅವತ್ತಿನಿಂದ, ತಾನು ನೋಡಿದರೆ ಆರ್‌ಸಿಬಿ ಸೋಲುತ್ತದೆ ಅಂತ ಅವಳ ನಂಬಿಕೆ. ಆ ರಾತ್ರಿಯ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಮದುವೆಗೆ ಮುಂಚೆಯೇ ಆಗಿದ್ದ ಒಪ್ಪಂದ. ಸರಿ, ಆರು ರನ್ನಿನಿಂದ ಗೆದ್ದೆವು. ಹದಿನೆಂಟು ವರ್ಷ ಒಳಗೆ ಕೂತಿದ್ದ ಕೂಗು ಒಂದೇ ಸಲ ಹೊರಬಂತು. ತಾತ ಓಡಿ ಬಂದು ಬಾಗಿಲು ಬಡಿದರು. ಒಂದು ಕೈಯಲ್ಲಿ ಫೋನು, ಆಂಬ್ಯುಲೆನ್ಸ್ ಕರೆಯಲು. ನಾವಿಬ್ಬರೂ ಅಳುತ್ತಿರುವುದನ್ನು ನೋಡಿ ಊರಲ್ಲಿ ಯಾರೋ ಹೋಗಿಬಿಟ್ಟರು ಅಂದುಕೊಂಡರು.

ವಿಷಯ ತಿಳಿದ ಮೇಲೆ, "ಹದಿನೆಂಟು ವರ್ಷ?" ಅಂತ ಮೆಚ್ಚುಗೆಯಿಂದ ಕೇಳಿದರು. ಆಮೇಲೆ ಮೆಲ್ಲಗೆ, "ನನಗೆ ನಲವತ್ತೆಂಟು" ಅಂದರು. ಅವತ್ತಿನಿಂದ ನಾನು ಅವರ ಜಾತಿಯವನಾದೆ.

ಅದೇ ವರ್ಷ ಅಕ್ಟೋಬರ್ 20, ದೀಪಾವಳಿ. ಮ್ಯಾರಿನರ್ಸ್ ಟೊರೊಂಟೊದಲ್ಲಿ ಸೆಮಿಫೈನಲ್ಲಿನ ಏಳನೇ, ಅಂದರೆ ಕೊನೆಯ ಪಂದ್ಯ ಆಡುತ್ತಿದ್ದರು. ಗೆದ್ದರೆ ವರ್ಲ್ಡ್ ಸೀರೀಸ್. ಸೆಪ್ಟೆಂಬರ್‌ನಲ್ಲಿ ಒಬ್ಬ ಅಭಿಮಾನಿ ಆನ್‌ಲೈನಲ್ಲಿ ಮಾಟಗಾತಿಗೆ ದುಡ್ಡು ಕೊಟ್ಟು ತಂಡಕ್ಕೆ ಮಂತ್ರ ಹಾಕಿಸಿದ್ದ, ಅಲ್ಲಿಂದ ಗೆದ್ದುಕೊಂಡೇ ಬಂದಿದ್ದರು. (ನಮ್ಮವರು ಹರಕೆ ಹೊತ್ತರೆ ಮೂಢನಂಬಿಕೆ, ಇವರದ್ದು ಮಾತ್ರ ಟಿವಿ ಸುದ್ದಿ.) 3-1 ಮುಂದಿದ್ದರು. ಇನ್ನು ಎಂಟು ಔಟ್ ಬೇಕಿತ್ತು. ಆಗ ಟೊರೊಂಟೊದ ಜಾರ್ಜ್ ಸ್ಪ್ರಿಂಗರ್ ಒಂದು ಹೋಮ್ ರನ್ ಎತ್ತಿದ, ಮೂರು ರನ್ ಬಂತು, 4-3, ಮುಗೀತು. ನಮ್ಮ ಬಾಗಿಲಲ್ಲಿ ದೀಪಗಳು ಉರಿಯುತ್ತಿದ್ದವು. ತಾತನ ಮನೆಯಲ್ಲಿ ಒಂದೊಂದೇ ಲೈಟ್ ಆರುತ್ತಾ ಹೋಯಿತು. ಮಾರನೇ ದಿನ ಮಂಗಳವಾರ ಅವರ ಡಬ್ಬ ರಸ್ತೆಗೆ ಬರಲಿಲ್ಲ. ನಾನೇ ಹೋಗಿ ತಳ್ಳಿ ತಂದಿಟ್ಟೆ. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಉಪಕಾರಕ್ಕೆ ಪ್ರತಿಫಲ ಸಿಕ್ಕಿದ್ದು ಹೋದ ಮಂಗಳವಾರ.

ನನ್ನ ಕೈಯಲ್ಲಿ ಒಂದು ಕವರಿತ್ತು. ಒಳಗೆ ಫ್ರಿಜ್ಜಿನ ತಳದಲ್ಲಿ ಮೆತ್ತಗಾಗಿದ್ದ ಮೂರು ಬೀಟ್‌ರೂಟ್. ತಾತ ಹೊಸ ಹುಡುಗನೊಬ್ಬ ಸ್ಪ್ಲಿಟರ್ ಕಲಿಯುತ್ತಿರುವ ಸುದ್ದಿ ಹೇಳುತ್ತಿದ್ದರು. ತೋರುಬೆರಳು, ನಡುಬೆರಳು ಅಗಲಿಸಿ ಮಧ್ಯೆ ಚೆಂಡು ಸಿಕ್ಕಿಸಿ ಎಸೆಯುವುದು. ನೇರ ಬಂದಂತೆ ಕಂಡು, ಬ್ಯಾಟಿನ ಹತ್ತಿರ ಪಟ್ಟನೆ ಕೆಳಗಿಳಿಯುತ್ತದಂತೆ. ಅರ್ಥವಾಯಿತು ಅಂತ ತಲೆಯಾಡಿಸಿದೆ. ನಾವು ತಲೆಯಾಡಿಸುವುದು ಇವರಿಗೆ ಯಾವತ್ತೂ ಅರ್ಥವಾಗುವುದಿಲ್ಲ. "ಇರು, ತೋರಿಸ್ತೀನಿ" ಅಂದರು. ಕಣ್ಣು ಕವರಿನ ಮೇಲೆ ಬಿತ್ತು. ಬೇಸ್‌ಬಾಲ್ ಚೆಂಡು ಸುಮಾರು 145 ಗ್ರಾಂ ತೂಗುತ್ತದೆ. ದುರದೃಷ್ಟಕ್ಕೆ ಬೀಟ್‌ರೂಟೂ ಅಷ್ಟೇ.

"ಕ್ಯಾಚರ್ ಥರ ಕೂರು."

ನಮ್ಮ ಜನಕ್ಕೆ ಕುಕ್ಕರುಗಾಲಲ್ಲಿ ಕೂರುವುದನ್ನು ಹೇಳಿಕೊಡಬೇಕೇ? ಕೂತೆ. ಪೈಜಾಮ, ಮಂಕಿ ಕ್ಯಾಪು, ಹಿಂದೆ ಸಾಲಾಗಿ ಕಸದ ಡಬ್ಬಗಳು. ತಾತ ಬೆರಗಾಗಿ ನೋಡಿದರು. ಹಿಮ್ಮಡಿ ಪೂರ್ತಿ ನೆಲಕ್ಕೆ ಊರಿ ಹೀಗೆ ಕೂರುವವನನ್ನು ಅವರು ಕಂಡಿರಲಿಲ್ಲವಂತೆ. ನಮಗೆ ಇದರ ಟ್ರೇನಿಂಗು ಹಿತ್ತಲಲ್ಲಿ ಆಗಿದ್ದು ಅಂತ ಹೇಳಲಿಲ್ಲ.

ಮೊದಲನೇ ಬೀಟ್‌ರೂಟು ಅವರದೇ ಗುಲಾಬಿ ಗಿಡಕ್ಕೆ ಹೋಯಿತು. "ವಾರ್ಮ್ ಅಪ್, ಲೆಕ್ಕಕ್ಕಿಲ್ಲ." ಎರಡನೆಯದು ನಡುದಾರಿಯಲ್ಲಿ ಕೈಯಿಂದ ಜಾರಿ ನೆಲಕ್ಕೆ ಅಪ್ಪಳಿಸಿ ಪಚ್ಚಂತ ಒಡೆಯಿತು. ಇದೂ ಲೆಕ್ಕಕ್ಕಿಲ್ಲ. ಅಷ್ಟರಲ್ಲಿ ಲಾರಿ ಬಂತು. ನಾವು ಡಬ್ಬಗಳಿಗೆ ಅಡ್ಡ. ಡ್ರೈವರ್ ಹಾರ್ನ್ ಹೊಡೆದ. ನಾನು ಏಳಲು ಹೋದರೆ ತಾತ ಅವನ ಕಡೆ ಒಂದು ಬೆರಳು ಎತ್ತಿ ತೋರಿಸಿದರು. ಇನ್ನೊಂದೇ ಒಂದು. ಪಾಪ, ಅವನೂ ಕಾದ. ತಾತ ಎಡಗಾಲು ಎತ್ತಿ, ಒಂದು ಕ್ಷಣ ಕೊಕ್ಕರೆಯ ಹಾಗೆ ನಿಂತು, ಎಸೆದರು. ಆಣೆ ಮಾಡಿ ಹೇಳುತ್ತೇನೆ, ಆ ಬೀಟ್‌ರೂಟು ನನ್ನ ಮುಖಕ್ಕೇ ಬಂದದ್ದು ಕೊನೆಯಲ್ಲಿ ಪಟ್ಟನೆ ಕೆಳಗಿಳಿಯಿತು. ಎರಡೂ ಕೈಯಲ್ಲಿ ಹಿಡಿದೆ. ಹಿಡಿದ ರಭಸಕ್ಕೆ ಅದು ಬೆರಳ ಸಂದಿಯಿಂದ ಹೊರಬಂದು ಎದೆಯವರೆಗೆ ಕೆಂಪಾಯಿತು. ಜಾಗಿಂಗ್‌ಗೆ ಬಂದಿದ್ದ ಒಬ್ಬ ಹೆಂಗಸು ಆಚೆ ಬದಿಗೆ ರಸ್ತೆ ದಾಟಿಬಿಟ್ಟರು. ತಾತ ಡ್ರೈವರ್ ಕಡೆ ತಿರುಗಿ, "ನೋಡಿದ್ಯಾ!" ಅಂತ ಕೂಗಿದರು. ಅವನು ಕಿಟಕಿಯಿಂದ ಕೈ ಹೊರಗೆ ಹಾಕಿ, ಮುಷ್ಟಿ ಬಿಗಿದು, ಅಂಪೈರ್ ಥರ "ಔಟ್" ಕೊಟ್ಟು ಗಾಡಿ ಬಿಟ್ಟ. ಎರಡೂ ಮನೆಯ ಕಸ ಅಲ್ಲೇ ಉಳಿಯಿತು.

ಸಿಟ್ಟು ಬಂದಿತ್ತು. ಆದರೆ 72 ವರ್ಷದ ಮನುಷ್ಯ ಭುಜ ನೀವಿಕೊಳ್ಳುತ್ತಾ ಕಟ್ಟೆಯ ಮೇಲೆ ಕೂತರೆ ಏನಂತ ಬಯ್ಯುವುದು? ನಾನೂ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಗೆದ್ದ ಮಾರನೇ ದಿನ ಹೇಗಿತ್ತು ನಿಮಗೆ?"

ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಜೂನ್ 4ರಂದು ಸ್ಟೇಡಿಯಂ ಹೊರಗೆ ನೂಕುನುಗ್ಗಲಾಗಿ 11 ಜನ ಹೋದರು ಅಂತ ಹೇಳಿದೆ. ಸಂಭ್ರಮ ನೋಡಲು ಬಂದವರು. ಹದಿನೆಂಟು ವರ್ಷ ಕಾದದ್ದು ಒಂದು ರಾತ್ರಿಯಷ್ಟೇ ಇತ್ತು ಅಂದೆ. ಈಗ "ಈ ಸಲ ಕಪ್ ನಮ್ದೇ" ಅಂತ ಹೇಳಲು ಹೋದರೆ ಬಾಯಿ ಅರ್ಧಕ್ಕೇ ನಿಲ್ಲುತ್ತದೆ. ತಾತ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಮಾತಾಡಲಿಲ್ಲ. ಎದ್ದು ಹೋಗುವಾಗ ನನ್ನ ಡಬ್ಬಗಳನ್ನೂ ಒಳಗೆ ತಳ್ಳಿಕೊಟ್ಟರು.

ಮನೆಯಲ್ಲಿ ಪೈಜಾಮ ನೋಡಿ ರಾದ್ಧಾಂತವಾಯಿತು. "ಮುಂದಿನ ವಾರ ನಾನೇ ಇಡ್ತೀನಿ. ಎರಡು ನಿಮಿಷದ ಕೆಲಸ. ನೀವು ಹೊರಗೆ ಬರೋದೇ ಬೇಡ" ಅಂದಳು ನನ್ನವಳು.

ಇವತ್ತು ಆರೂ ಮುಕ್ಕಾಲಿಗೆ ಹೋದಳು. ಏಳಾಯಿತು. ಏಳೂ ಹತ್ತಾಯಿತು. ಹಿಂದಿನ ಬೀದಿಯಲ್ಲಿ ಲಾರಿಯ ಸದ್ದು. ಕಿಟಕಿ ಪರದೆ ಸರಿಸಿ ನೋಡಿದೆ. ತಾತ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಅವರು ಕೇಳಿಸಿಕೊಳ್ಳುವುದನ್ನು ನಾನು ನೋಡಿದ್ದೇ ಮೊದಲ ಸಲ. ಇವಳ ಕೈಯಲ್ಲಿ ನಮ್ಮ ಅಂಗಳದ ಪೊರಕೆ, ಅದನ್ನು ಬ್ಯಾಟಿನಂತೆ ಹಿಡಿದು ಭುಜ ಅಗಲಿಸಿ ಗೇಲ್ ಥರ ನಿಂತಿದ್ದಳು. ಬಾಗಿಲು ತೆಗೆದರೆ ಗಂಟಲು ಇಡೀ ಬೀದಿಗೆ ಕೇಳಿಸುತ್ತಿತ್ತು. "209 ಬೇಕು, 114ಕ್ಕೆ ಒಂದೂ ವಿಕೆಟ್ ಬಿದ್ದಿಲ್ಲ, ಹತ್ತೂವರೆ ಓವರ್ ಆಗಿದೆ, ನಾನು ಅಲ್ಲೇ ಕೂತಿದ್ದೀನಿ! ಅಲ್ಲಿಂದ ಎಂಟು ರನ್ನಲ್ಲಿ ಸೋಲ್ತಾರೆ ಅಂದ್ರೆ!"

"ಎಂಟು," ಅಂದರು ತಾತ, ಕಣ್ಣು ಮುಚ್ಚಿಕೊಂಡು.

ಲಾರಿ ತಿರುವಿನಲ್ಲಿ ಕಾಣಿಸಿತು. ನಾನು ಓಡಿದೆ. ಅವಳ ಹಿಂದೆ ನಮ್ಮ ಮೂರೂ ಡಬ್ಬಗಳು ಸ್ಟಂಪಿನ ಹಾಗೆ ಒತ್ತೊತ್ತಾಗಿ ನಿಂತಿದ್ದವು. ಮೂರಡಿ ಇರಲಿ, ನಡುವೆ ಒಂದು ಚೆಂಡು ತೂರುವಷ್ಟೂ ಜಾಗ ಇರಲಿಲ್ಲ.