ಗಂಡನ ಮನೆಯ ಜಾನ್‌ಗಳು

ಗಂಡನ ಮುತ್ತಜ್ಜನ ಮುತ್ತಜ್ಜ ಯಾರು ಅಂತ ಹುಡುಕುವ ಕೆಲಸ ಸೊಸೆಯ ತಲೆಗೆ ಯಾಕೆ ಬರಬೇಕು ಹೇಳಿ? ಅದೂ ಬೈಲಹೊಂಗಲ ಕಡೆಯ ಸೊಸೆ, ಇಂಗ್ಲೆಂಡಿನ ನಾರ್ಫೊಕ್‌ನ ಗಂಡ. ಅವನಿಗೆ ಅಜ್ಜನ ಹೆಸರು ಗೊತ್ತು, ಅಜ್ಜ ಸಾಕಿದ ನಾಯಿಯ ಹೆಸರೂ ಗೊತ್ತು, ಅದರಾಚೆಗೆ ಆಸಕ್ತಿ ಇಲ್ಲ. ಆಸಕ್ತಿ ಇದ್ದದ್ದು ಅವನ ಅತ್ತೆಗೆ, ಅಂದರೆ ನನ್ನ ಮಾವನ ತಂಗಿಗೆ. ಅವರಿಗೆ ಕಣ್ಣು ಮಂಜು. ನನಗೆ ಬಿಡುವು ಜಾಸ್ತಿ ಅಂತ ಯಾರು ಹೇಳಿದರೋ.

ನಮ್ಮ ಕಡೆ ಈ ತಲೆನೋವೇ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಹೆಳವ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದ. ಅಂಗಳದಲ್ಲಿ ನಿಂತು, ನಮ್ಮವರು ಯಾವ ಊರು ಬಿಟ್ಟು ಬಂದರು, ಯಾರಿಗೆ ಎಷ್ಟು ಮಕ್ಕಳು, ಯಾರು ಎಲ್ಲಿಗೆ ದತ್ತು ಹೋದರು, ಎಲ್ಲಾ ಗಡಗಡ ಒಪ್ಪಿಸಿ, ಕಾಳುಕಡಿ ಕಟ್ಟಿಕೊಂಡು ಹೋಗುತ್ತಿದ್ದ. ನಾವು ಮಾಡಬೇಕಾಗಿದ್ದದ್ದು ಇಷ್ಟೇ, ಎತ್ತಿಗೆ ಹೊಟ್ಟು ಹಾಕುವುದು.

ನಾರ್ಫೊಕ್‌ಗೆ ಹೆಳವ ಬರಲ್ಲ. ಅಲ್ಲಿರೋದು ಚರ್ಚಿನ ರಿಜಿಸ್ಟರು. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಹುಕುಂ ಹೊರಡಿಸಿದ: ಪ್ರತಿ ಊರಿನ ಪಾದ್ರಿ ಬ್ಯಾಪ್ಟಿಸಂ, ಮದುವೆ, ಮಣ್ಣು ಮಾಡಿದ್ದು ಎಲ್ಲ ಬರೆದಿಡಬೇಕು ಅಂತ. ಪಾದ್ರಿಗಳು ಬರೆದರು. ಓದುವಂತೆ ಬರೆಯಬೇಕು ಅಂತ ಹುಕುಂನಲ್ಲಿ ಇರಲಿಲ್ಲ ಅಂತ ಕಾಣುತ್ತೆ.

ಅತ್ತೆಯ ಹತ್ತಿರ ಒಂದು ವಂಶವೃಕ್ಷ ಆಗಲೇ ತಯಾರಿತ್ತು. ಇಂಟರ್ನೆಟ್ಟಿನಲ್ಲಿ ಯಾರೋ ಹಾಕಿದ್ದನ್ನು ಹಾಗೇ ಇಳಿಸಿಕೊಂಡದ್ದು. ಹದಿನೇಳನೇ ಶತಮಾನದವರೆಗೆ ಸಲೀಸಾಗಿ ಹೋಗಿ, ಒಬ್ಬ ಜಮೀನ್ದಾರನ ಮಡಿಲಲ್ಲಿ ಹೋಗಿ ಕೂತಿತ್ತು. ಅದರ ಖುಷಿಗೆ ಅವರು ಮನೆತನದ ಲಾಂಛನ ಅಂತ ಒಂದು ಫಲಕ ತರಿಸಿ, ಗಿಲೀಟು ಚೌಕಟ್ಟು ಹಾಕಿಸಿ, ಹಾಲ್‌ನಲ್ಲಿ ತೂಗುಹಾಕಿದ್ದರು. ಎರಡು ಸಿಂಹ, ಒಂದು ಶಿರಸ್ತ್ರಾಣ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುತ್ತಿದ್ದದ್ದು ಒಬ್ಬ ವ್ಯಕ್ತಿಗೆ, ಅವನ ವಾರಸುದಾರರಿಗೆ. ಅಡ್ಡಹೆಸರಿಗೆ, ಅಂದರೆ ಮನೆತನದ ಹೆಸರಿಗೆ, ಅಂತ ಲಾಂಛನ ಇರೋದೇ ಇಲ್ಲ. ಈ ಮಾತನ್ನು ಅವರಿಗೆ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಆ ಅಡ್ಡಹೆಸರು ಏನು ಅಂತ ಇಲ್ಲಿ ಬರೆಯಬೇಡ ಅಂತ ಗಂಡನ ಅಪ್ಪಣೆ.

ದಾಖಲೆ ಕಚೇರಿಯಲ್ಲಿ ಪೆನ್ನು ಒಳಗೆ ಬಿಡಲ್ಲ, ಪೆನ್ಸಿಲ್ ಮಾತ್ರ. ಚೀಲ ಲಾಕರ್‌ಗೆ. ಹಳೇ ರಿಜಿಸ್ಟರಿಗೆ ಮಾತ್ರ ಮೆತ್ತನೆಯ ದಿಂಬು ಕೊಡುತ್ತಾರೆ, ನಮಗೆ ಗಟ್ಟಿ ಕುರ್ಚಿ. ಅತ್ತೆಯ ಬಾಯಲ್ಲಿ ಪೆಪ್ಪರ್‌ಮಿಂಟ್ ಇತ್ತು. ಅಲ್ಲಿನ ಹುಡುಗಿ ಬಂದು ಮಾತಿಲ್ಲದೆ ಟಿಶ್ಯೂ ಹಿಡಿದಳು. ಅತ್ತೆ ಅದರಲ್ಲಿ ಕಣ್ಣೊರೆಸಿಕೊಂಡು, ಎಷ್ಟು ಸೂಕ್ಷ್ಮದ ಹುಡುಗಿ, ನನಗೆ ಅಳು ಬಂದದ್ದು ಗೊತ್ತಾಯ್ತು ಅಂದರು. ಆ ಹುಡುಗಿ ಇನ್ನೊಂದು ಟಿಶ್ಯೂ ತಂದಳು.

ಮೊದಲ ಪವಾಡ ಸಿಕ್ಕಿದ್ದು ಅಲ್ಲೇ. ಜಾನ್ ಅಂತ ಒಂದು ಕೂಸಿಗೆ 1724ರ ನವೆಂಬರ್‌ನಲ್ಲಿ ಬ್ಯಾಪ್ಟಿಸಂ. ಅದೇ ಕೂಸನ್ನು ಮಣ್ಣು ಮಾಡಿದ್ದು 1724ರ ಫೆಬ್ರವರಿಯಲ್ಲಿ! ಹುಟ್ಟೋ ಮುಂಚೆ ಹೂತರಾ ಅಂತ ಅತ್ತೆ ಕೂಗಿದ್ದಕ್ಕೆ ಇಡೀ ಕೋಣೆ ತಿರುಗಿ ನೋಡಿತು. ವಿಷಯ ಇಷ್ಟೇ, 1751ರವರೆಗೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿ ಹೊತ್ತಿಗೆ. ಫೆಬ್ರವರಿ ಬರೋದು ನವೆಂಬರ್ ಆದ ಮೇಲೆ, ವರ್ಷ ಮಾತ್ರ ಅದೇ. ಪಾಪ, ಕೂಸು ಮೂರು ತಿಂಗಳು ಬದುಕಿತ್ತು. ಮುಂದೆ ಹುಟ್ಟಿದ ಗಂಡುಮಗುವಿಗೂ ಜಾನ್ ಅಂತಲೇ ಹೆಸರು. ಅಪ್ಪನೂ ಜಾನ್. ಚಿಕ್ಕಪ್ಪನ ಮನೆಯಲ್ಲೂ ಒಬ್ಬ ಜಾನ್.

ಇನ್ನೂ ಹಿಂದಿನ ಪುಟಗಳಲ್ಲಿ ಸತ್ತವರ ಹೆಸರಿನ ಪಕ್ಕ ಅಫಿಡವಿಟ್ ಅಂತ ಇತ್ತು. 1678ರ ಕಾನೂನಂತೆ. ಹೆಣಕ್ಕೆ ಉಣ್ಣೆಬಟ್ಟೆಯನ್ನೇ ಸುತ್ತಬೇಕು, ಸುತ್ತಿದ್ದೇವೆ ಅಂತ ಪ್ರಮಾಣ ಮಾಡಬೇಕು, ತಪ್ಪಿದರೆ 5 ಪೌಂಡ್ ದಂಡ. ಉಣ್ಣೆ ವ್ಯಾಪಾರ ಉಳಿಸೋಕೆ ಮಾಡಿದ್ದು. ಸತ್ತ ಮೇಲೂ ಗಿರಾಕಿ ಬಿಡಬಾರದು, ಅಲ್ವಾ?

ಅತ್ತೆಯ ಮರಕ್ಕೆ ಕೊಡಲಿ ಬಿದ್ದದ್ದು ಜನಗಣತಿಯಿಂದ. 1841ರಲ್ಲಿ ಗಂಡನ ಪೂರ್ವಜ, ನಮ್ಮ ಜಾನ್‌ಗೆ 40 ವರ್ಷ. 1851ರಲ್ಲಿ 54. ಹತ್ತು ವರ್ಷದಲ್ಲಿ ಹದಿನಾಲ್ಕು ವರ್ಷ ಮುದುಕನಾಗಿದ್ದಾನೆ, ಹೊಲದ ಕೆಲಸ ಅಷ್ಟು ಕಷ್ಟ ಇರಬೇಕು ಅಂದ ನನ್ನ ಗಂಡ. ಅಸಲಿಗೆ 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುತ್ತಿದ್ದರು. 44 ಇದ್ದವನೂ 40. ಕಸುಬಿನ ಕಾಲಂನಲ್ಲಿ ಕೂಲಿಯವರಿಗೆಲ್ಲ "ಆ್ಯಗ್ ಲ್ಯಾಬ್" ಅಂತ ಮೊಟಕು ಬರಹ. ಮನೆ ಮನೆಗೂ ಆ್ಯಗ್ ಲ್ಯಾಬ್. ಯಾವುದೋ ಪ್ರಯೋಗಶಾಲೆ ಅಂತ ಅತ್ತೆ ತಿಳಿದಿದ್ದರು. ಕೃಷಿ ಕೂಲಿ ಅಂತ ಗೊತ್ತಾದಾಗ ಚಹಾ ಬೇಡ ಅಂದರು, ಅವರ ಮಟ್ಟಿಗೆ ಅದು ದೊಡ್ಡ ಶೋಕ.

1851ರಲ್ಲಿ ಹುಟ್ಟಿದ ಊರನ್ನೂ ಕೇಳಿದ್ದರು. ನಮ್ಮ ಜಾನ್ ಹುಟ್ಟಿದ್ದು ಪಕ್ಕದ ಊರಲ್ಲಿ. ಅತ್ತೆಯ ಮರದಲ್ಲಿ ಜಮೀನ್ದಾರನಿಗೆ ಅಂಟಿಸಿದ್ದ ಈ ಊರಿನ ಜಾನ್ ಬೇರೆ ಯಾರದೋ ಜಾನ್.

ಸರಿ, ಪಕ್ಕದ ಊರಿಗೆ ಕಾರು ಹೊರಟಿತು. ಅಕ್ಟೋಬರ್ ತಿಂಗಳು, ಮುಂದೆ ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ತುಂಬಿದ ಟ್ರ್ಯಾಕ್ಟರ್. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕಿಕೊಂಡೇ ದೊಡ್ಡವಳಾದ ನನಗೆ ಇಲ್ಲೂ ಸಕ್ಕರೆಯೇ ದಾರಿಗಡ್ಡ. ಒಂದೇ ವ್ಯತ್ಯಾಸ, ಇವರು ಜೋರಾಗಿ ಹಾಡು ಹಾಕಲ್ಲ. ಚರ್ಚು ಚಂದ ಇತ್ತು, ಚಕಮಕಿ ಕಲ್ಲಿನ ಗೋಡೆ, ಆ ಸೀಮೆಯಲ್ಲಿ ಜಾಸ್ತಿ ಕಾಣುವ ದುಂಡು ಗೋಪುರ. ಗೋರಿಗಳ ನಡುವೆ ಸೊಂಟದ ತನಕ ತುರಚಿ ಗಿಡ. ಚಡ್ಡಿಯಲ್ಲಿ ಬಂದಿದ್ದ ಗಂಡ ಅದರೊಳಗೆ ನುಗ್ಗಿ, ಕಲ್ಲಿನ ಮೇಲಿನ ಪಾಚಿಯಲ್ಲಿ ಜಾನ್ ಅಂತ ಓದಿ, ಜಯಘೋಷ ಮಾಡಿದ. ಅತ್ತೆ ಹೂ ಇಟ್ಟರು, ಫೋಟೋ ಆಯಿತು. ಹುಲ್ಲು ಕತ್ತರಿಸಲು ಬಂದಿದ್ದ ಮುದುಕರೊಬ್ಬರು ನಿಂತು ನೋಡಿ, ಅದು ಗಿರಣಿ ಸಾಹುಕಾರನದು, ಕೂಲಿಯವರಿಗೆ ಕಲ್ಲು ಎಲ್ಲಿಂದ ಬರಬೇಕು ಅಂದರು. ಗಂಡ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ, ಎರಡೂ ಕೈಯಲ್ಲಿ ಮೊಣಕಾಲು ಕೆರೆಯುತ್ತಿದ್ದ.

ಆ ಊರಿನ ರಿಜಿಸ್ಟರಿನಲ್ಲಿ ಜಾನ್ ಸಿಕ್ಕಿದ, 1797. ಅಮ್ಮನ ಹೆಸರು ಮೇರಿ. ಅಪ್ಪನ ಜಾಗ ಖಾಲಿ. ಪಕ್ಕದಲ್ಲಿ ಪಾದ್ರಿಯ ಟಿಪ್ಪಣಿ: ಮದುವೆಯಿಲ್ಲದೆ ಹುಟ್ಟಿದ್ದು. ಇಷ್ಟು ದಿನ ಬೆನ್ನು ಹತ್ತಿದ್ದ ಅಡ್ಡಹೆಸರು ಮೇರಿಯ ತವರಿನದು.

ಇಲ್ಲಿ ನನಗೆ ಆ ಊರಿನ ಹಿರಿಯರ ಮೇಲೆ ಪ್ರೀತಿ ಬಂತು. ಕೂಸನ್ನು ಸಾಕುವ ಖರ್ಚು ಊರಿನ ತೆರಿಗೆಯ ಮೇಲೆ ಬೀಳಬಾರದಲ್ಲ, ಅದಕ್ಕೆ ಬಡವರ ಮೇಲ್ವಿಚಾರಕರು ಮೇರಿಯನ್ನು ಕೂರಿಸಿ, ಅಪ್ಪ ಯಾರು ಅಂತ ಬಾಯಿಬಿಡಿಸಿ, ಅವನನ್ನು ಹಿಡಿದು ತಂದು ಮುಚ್ಚಳಿಕೆ ಬರೆಸಿಕೊಂಡಿದ್ದರು. ಕಾಸಿನ ವಿಷಯ ಬಂದರೆ ಕಾಗದ ಭದ್ರ! ಆ ಕಾಗದ ಚರ್ಚಿನ ಪೆಟ್ಟಿಗೆಯಲ್ಲಿ ಉಳಿದು, ಈಗ ದಾಖಲೆ ಕಚೇರಿಗೆ ಸೇರಿದೆ. ಅಪ್ಪ ಒಬ್ಬ ಬಡಗಿ. ವಾರಕ್ಕೆ ಒಂದೂವರೆ ಶಿಲ್ಲಿಂಗ್. ರುಜು ಮಾಡಲು ಬರದೆ ಅಡ್ಡಗೆರೆ ಎಳೆದಿದ್ದಾನೆ, ಎರಡನೇ ಗೆರೆಯ ತುದಿಯಲ್ಲಿ ಮಸಿ ಚೆಲ್ಲಿದೆ. ಅಡ್ಡಹೆಸರು ಬೇರೆಯೇ.

ಅತ್ತೆಗೆ ಹೇಗೆ ಹೇಳೋದು ಅಂತ ನಾನೂ ಗಂಡನೂ ಕಾರಿನಲ್ಲಿ ಚರ್ಚೆ ಮಾಡಿದ್ದೇ ಮಾಡಿದ್ದು. ಕೊನೆಗೆ ಸುಮ್ನೆ ನಕಲು ಪ್ರತಿ ಕೈಗಿಟ್ಟೆವು. ಭೂತಗನ್ನಡಿ ಹಿಡಿದು ನಿಧಾನಕ್ಕೆ ಓದಿದರು. ಗೋಡೆಯ ಮೇಲಿನ ಸಿಂಹಗಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಚೌಕಟ್ಟು ಇದೇ ಇರಲಿ. ಒಳಗಿನ ಚಿತ್ರ ಮಾತ್ರ ಬಡಗಿಯ ಹೆಸರಿನದು ಹಾಕಿಕೊಡ್ತಾರಾ, ಆ ಅಂಗಡಿಗೆ ಒಂದು ಫೋನ್ ಮಾಡಿ ವಿಚಾರಿಸ್ತೀಯಾ?"