ಮರೆವಿನ ಕಾಯಿಲೆಯ ಹಿರಿಯರಿಗೆ ನೀರು ಕಡಿಮೆ ಮಾಡಬೇಡಿ: ಒಂದು ಸ್ಪಷ್ಟನೆ

ಹಾಸನದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ. "ವೃದ್ಧಾಶ್ರಮದಲ್ಲಿರುವ ಡಿಮೆನ್ಷಿಯಾದ (ಮರೆವಿನ ಕಾಯಿಲೆಯ) ಹಿರಿಯರು ಬಟ್ಟೆಯಲ್ಲೇ ಮಲ ಮಾಡಿಕೊಂಡರೆ ಏನೂ ಮಾಡೋಕಾಗಲ್ಲ. ನೀರು ಕಡಿಮೆ ಕೊಡಿ, ಭೇದಿ ನಿಲ್ಲುವ ಮಾತ್ರೆ ಹಾಕಿ, ಡೈಪರ್ ಕಟ್ಟಿ" ಎಂದು. ಇದು ತಪ್ಪು.

ಬಹಳ ಸಲ ಇದರ ಹಿಂದಿರುವುದು ಮಲಬದ್ಧತೆ. ಗಟ್ಟಿ ಮಲ ಕೆಳಗೆ ಕಟ್ಟಿಕೊಂಡಿರುತ್ತದೆ, ಅದರ ಪಕ್ಕದಿಂದ ನೀರು ನೀರಾಗಿ ಸೋರುತ್ತದೆ. ನೋಡಿದವರಿಗೆ ಭೇದಿ ಅನ್ನಿಸುತ್ತದೆ, ಅಲ್ವಾ? ಆಗ ಭೇದಿ ಮಾತ್ರೆ ಕೊಟ್ಟರೆ ಕಟ್ಟು ಇನ್ನೂ ಬಿಗಿಯುತ್ತದೆ. ನೀರು ಕಡಿಮೆಯಾದರೂ ಹಾಗೇ. ಕೆಲವು ನೋವಿನ ಮಾತ್ರೆ, ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಗಟ್ಟಿಯಾಗುತ್ತದೆ. ಅದಕ್ಕೇ ಮೊದಲು ಡಾಕ್ಟರಿಗೆ ತೋರಿಸಿ, ನುಂಗುತ್ತಿರುವ ಮಾತ್ರೆಗಳನ್ನೂ ಒಯ್ಯಿರಿ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಎಷ್ಟು ನೀರು ಎಂದು ಡಾಕ್ಟರೇ ಹೇಳಲಿ.

ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಬೆಳಗಿನ ತಿಂಡಿ, ಕಾಫಿ ಆಗಿ 20-30 ನಿಮಿಷಕ್ಕೆ ಕೈಹಿಡಿದು ಶೌಚಾಲಯಕ್ಕೆ ಕರೆದೊಯ್ದು ಕೂರಿಸಿ. ಕಮೋಡ್ ಎತ್ತರವಿದ್ದರೆ ಕಾಲ ಕೆಳಗೆ ಮಣೆ ಇಡಿ. ಆತುರ ಬೇಡ. "ಹೋಗಬೇಕು" ಎನ್ನಲು ಅವರಿಗೆ ಮಾತು ಸಿಗದಿರಬಹುದು. ಸುಮ್ನೆ ಎದ್ದು ಓಡಾಡುವುದು, ಸೀರೆ, ಪಂಚೆ ಎಳೆಯುವುದೂ ಅದನ್ನೇ ಹೇಳುತ್ತಿರಬಹುದು. ದಯವಿಟ್ಟು ಬಯ್ಯಬೇಡಿ, ಅವರು ಬೇಕಂತ ಮಾಡಿದ್ದಲ್ಲ.

ಕೆಲವರಿಗೆ ಡೈಪರ್ ಬೇಕೇ ಆಗುತ್ತದೆ. ಮಲವಾದ ಕೂಡಲೇ ಬದಲಿಸಿ, ಮೆತ್ತಗೆ ತೊಳೆದು ಒರೆಸಿ. ಇಲ್ಲದಿದ್ದರೆ ಚರ್ಮ ಹುಣ್ಣಾಗುತ್ತದೆ. ಮಲದಲ್ಲಿ ರಕ್ತ, ಹೊಟ್ಟೆ ಉಬ್ಬರ, ವಾಂತಿ ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.