ಮೊಣಕೈಯ ಮೇಲಿನ ಭರವಸೆ

ಚಾಲಕನಿಲ್ಲದ ಕಾರನ್ನು ನಂಬುವುದು ಹೇಗೆ ಎಂಬ ಗಹನವಾದ ಪ್ರಶ್ನೆಯನ್ನು ಮೊನ್ನೆ ನನ್ನ ಮುಂದಿಟ್ಟವರು, ನನ್ನನ್ನು ಬೊಮ್ಮನಹಳ್ಳಿಗೆ ಕರೆದೊಯ್ಯುತ್ತಿದ್ದ ಕ್ಯಾಬಿನ ಚಾಲಕರು. ಸ್ಟಿಯರಿಂಗ್ ಅವರ ಎಡ ಮೊಣಕೈಯ ವಶದಲ್ಲಿತ್ತು. ಬಲಗೈಯಲ್ಲಿ ಒಂದು ಫೋನು, ಡ್ಯಾಶ್‌ಬೋರ್ಡಿನ ಮೇಲೆ ಕ್ರಿಕೆಟ್ ತೋರಿಸುತ್ತಿದ್ದ ಇನ್ನೊಂದು. "ಮನುಷ್ಯ ಅನ್ನೋನು ಕಣ್ಣಿಟ್ಟು ನೋಡ್ತಿದ್ರೇನೇ ಧೈರ್ಯ ಅಲ್ವಾ ಸಾರ್?" ಎಂದು ಅವರು ಪೂರ್ತಿ ಹಿಂದಕ್ಕೆ ತಿರುಗಿ ಕೇಳಿದಾಗ, ರಸ್ತೆಯನ್ನು ನೋಡುವ ಹೊಣೆ ಗಾಜಿನ ಬಳಿ ಕುಳಿತಿದ್ದ ಗಣಪನೊಬ್ಬನದೇ ಆಗಿತ್ತು. ನಾನು ಹೌದೆಂದೆ.

ಈ ಊರಿಗೆ ಯಂತ್ರದ ಮೇಲೆ ನಂಬಿಕೆ ಇಲ್ಲವೆಂದಲ್ಲ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮೆಟ್ರೊ ಮಾರ್ಗ ಉದ್ಘಾಟನೆಯಾದಾಗ, ಚಾಲಕರಿಲ್ಲದೆಯೂ ಓಡಬಲ್ಲ ರೈಲುಗಳು ನಮ್ಮವು ಎಂದು ಬೀಗಿ, ಒಳಗೆ ಚಾಲಕರನ್ನು ಕೂರಿಸಿಯೇ ಹೊರಡಿಸಿದೆವು. (ತಪ್ಪೇನಿಲ್ಲ, ಹೊಸ ಅಡುಗೆಯವರ ಪಕ್ಕದಲ್ಲಿ ಹಳಬರನ್ನು ನಿಲ್ಲಿಸುವುದು ವಾಡಿಕೆ.) ಆದರೆ ಹಸು ಅಡ್ಡ ಬಾರದ, ಎದುರಿನಿಂದ ಸ್ಕೂಟರ್ ನುಗ್ಗದ, ಹಳಿ ಬಿಟ್ಟು ಬೇರೆ ದಾರಿಯೇ ಇಲ್ಲದ ರೈಲಿಗೇ ಕಾವಲು ಬೇಕಾದರೆ ಕಾರಿನ ಪಾಡೇನು?

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವೇಮೊ ಕಂಪನಿಯ ಚಾಲಕರಹಿತ ಕಾರುಗಳು 2024ರ ಜೂನ್‌ನಿಂದ ಎಲ್ಲರಿಗೂ ಬಾಡಿಗೆಗೆ ಸಿಗುತ್ತಿವೆ. ಲೇಸರ್ ಕಿರಣ ಹಾಯಿಸಿ ದೂರ ಅಳೆಯುವ ಲಿಡಾರ್ ಅವುಗಳಲ್ಲಿದೆ. ಮುಂದಿನ ವಾಹನಕ್ಕೂ ತನಗೂ ನಡುವೆ ಅಂತರ ಬಿಡುವ ಕೆಟ್ಟ ಚಾಳಿಯೂ ಇದೆ. ಸಿಲ್ಕ್ ಬೋರ್ಡಿನಲ್ಲಿ ಅಷ್ಟು ಜಾಗ ಬಿಟ್ಟರೆ ಅಲ್ಲಿಗೆ ಎರಡು ಸ್ಕೂಟರ್, ಒಂದು ಆಟೊ ಬಂದು ನೆಲೆಸುತ್ತವೆ. ಅಂತರ ಕಾಯ್ದುಕೊಳ್ಳಲು ಕಾರು ಹಿಂದೆ ಸರಿಯುತ್ತದೆ, ಆ ಜಾಗವೂ ತುಂಬುತ್ತದೆ. ಹೀಗೆ ಬೊಮ್ಮನಹಳ್ಳಿಗೆಂದು ಹೊರಟವರು ಸಂಜೆಯ ಹೊತ್ತಿಗೆ ಹಿಮ್ಮುಖವಾಗಿ ಮಡಿವಾಳ ಸೇರಿರುತ್ತಾರೆ.

ಚಾಲಕರ ಕೆಲಸ ಹೋಗುತ್ತದೆಂಬ ಕಾರಣಕ್ಕೆ ಇಂಥ ಕಾರುಗಳನ್ನು ದೇಶಕ್ಕೆ ಬಿಡುವುದಿಲ್ಲವೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಹೇಳಿದ್ದಾರೆ. ಅದು ಅನ್ನದ ಮಾತು, ಅದರಲ್ಲಿ ನಗುವಂಥದ್ದಿಲ್ಲ. ನಮ್ಮ ತಕರಾರು ಬೇರೆ: ಆ ಕಾರು ಕೆಂಪು ದೀಪಕ್ಕೆ ನಿಲ್ಲುತ್ತದೆ. 2023ರ ಫೆಬ್ರುವರಿಯಲ್ಲಿ ಸಂಚಾರ ದಂಡದ ಬಾಕಿಗೆ ಶೇ 50ರಷ್ಟು ರಿಯಾಯಿತಿ ಘೋಷಿಸಿದಾಗ, ಆಷಾಢ ಸೇಲಿಗೆ ಬಂದವರಂತೆ ಸಾಲುಗಟ್ಟಿ ನಿಂತವರು ನಾವು. ಒಂದು ದಂಡವೂ ಬಾಕಿಯಿಲ್ಲದ ವಾಹನವನ್ನು ಯಾವ ಧೈರ್ಯದ ಮೇಲೆ ಹತ್ತುವುದು?

ನನ್ನ ಕ್ಯಾಬು ಏಕಮುಖ ರಸ್ತೆಯಲ್ಲಿ ಎದುರು ದಿಕ್ಕಿಗೆ ನುಗ್ಗಿ ನಾಲ್ಕು ನಿಮಿಷ ಮೊದಲೇ ಮನೆ ಮುಟ್ಟಿಸಿತು. ಇಳಿದ ಕೂಡಲೇ, ಚಾಲಕರಿಗೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂದು ಆ್ಯಪ್ ಕೇಳಿತು. ಐದು ಒತ್ತಿದೆ.